ಕೂರೋ ಜಾಗದ ಕಾನೂನು ಹುಟ್ಟಿದ ಊರು



ಇಟಲಿಯ ನೇಪಲ್ಸ್ ನಗರದ ಪಕ್ಕ ಪೊಟ್ಸುವೋಲಿ ಅಂತ ಒಂದು ಊರಿದೆ. ಸಮುದ್ರದ ದಂಡೆಯ ಬಂದರು. ರೋಮನ್ನರ ಕಾಲದಲ್ಲಿ ಇದರ ಹೆಸರು ಪುತಿಯೋಲಿ. ಆ ಊರಲ್ಲಿ ಎರಡು ಆಂಫಿಥಿಯೇಟರ್‌ಗಳಿವೆ. ಆಂಫಿಥಿಯೇಟರ್ ಅಂದ್ರೆ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಜನ ಕೂತು, ನಡುವಿನ ಅಖಾಡದಲ್ಲಿ ಮನುಷ್ಯರು ಮನುಷ್ಯರನ್ನ ಕೊಲ್ಲೋದು, ಪ್ರಾಣಿಗಳು ಮನುಷ್ಯರನ್ನ ಹರಿಯೋದು ನೋಡ್ತಿದ್ದ ಜಾಗ. ಸಿನಿಮಾದಲ್ಲಿ ಕೊಲೋಸಿಯಂ ನೋಡಿರ್ತೀರಲ್ಲ, ಅದೇ ಜಾತಿ. ಇಲ್ಲಿಯ ಒಂದಕ್ಕೆ ಟಿಕೆಟ್ ಇದೆ, ಬೋರ್ಡ್ ಇದೆ, ಕಾವಲಿನವರಿದ್ದಾರೆ. ಇನ್ನೊಂದರ ಮೈಮೇಲೆ ರೈಲು ಓಡುತ್ತೆ. ಆ ಎರಡನೆಯದನ್ನ ನೋಡಬೇಕು ಅಂತಲೇ ನಾನು ಹೋಗಿದ್ದು.

ಗುಮಾಸ್ತನಿಗೆ ಇಟಲಿ ಎಲ್ಲಿಂದ ಬಂತು ಅಂತ ಆಫೀಸಿನಲ್ಲೂ ಕೇಳಿದ್ರು. ಅಕ್ಕನ ಮಗಳು ಸ್ಕಾಲರ್‌ಶಿಪ್ ತಗೊಂಡು ನೇಪಲ್ಸ್‌ನಲ್ಲಿ ಎಂಎಸ್ಸಿ ಓದ್ತಾ ಇದ್ದಾಳೆ. ನಮ್ಮ ವಂಶದಲ್ಲಿ ವಿಮಾನ ಹತ್ತಿದ ಮೊದಲನೆಯವಳು ಅವಳು, ಎರಡನೆಯವನು ನಾನು. ಗಳಿಕೆ ರಜೆ, ಇಲಾಖೆಯ ಅನುಮತಿ, ಸೊಸೈಟಿ ಸಾಲ, ಎಲ್ಲ ಸೇರಿ ಒಂಬತ್ತು ದಿನ. ಎಲ್ಲರೂ ಪಾಂಪೇಯಿ ನೋಡು ಅಂದ್ರು. ಪಾಂಪೇಯಿ ನೋಡಿದೆ. ಆದರೆ ತಲೆಯಲ್ಲಿ ಉಳಿದದ್ದು ಪೊಟ್ಸುವೋಲಿ.

ಮೊದಲು ಟಿಕೆಟ್ ಇರೋದರ ಬಗ್ಗೆ ಹೇಳಿಬಿಡ್ತೀನಿ. ವೆಸ್ಪಾಸಿಯನ್ ಚಕ್ರವರ್ತಿಯ ವಂಶದ ಕಾಲದ್ದು, ಕ್ರಿ.ಶ. 1ನೇ ಶತಮಾನದ ಕೊನೆಯ ಭಾಗ. ಉದ್ದ 149 ಮೀಟರ್, ಅಗಲ 116 ಮೀಟರ್. ಇಟಲಿಯಲ್ಲಿ ಗಾತ್ರದಲ್ಲಿ ಇದು ಮೂರನೆಯದು ಅಂತಾರೆ. ಊರಿನ ಸ್ವಂತ ದುಡ್ಡಲ್ಲಿ ಕಟ್ಟಿಸಿದ್ದು ಅಂತ ಕಲ್ಲಿನಲ್ಲಿ ಬರೆಸಿಕೊಂಡಿದ್ದಾರೆ. ದುಡ್ಡಿಗೇನು ಕೊರತೆ ಇರಲಿಲ್ಲ. ಅಲೆಕ್ಸಾಂಡ್ರಿಯಾದಿಂದ ಗೋಧಿ ಹಡಗುಗಳು ಬರ್ತಿದ್ದದ್ದು ಇಲ್ಲಿಗೆ. ನಮ್ಮ ಪಶ್ಚಿಮ ಕರಾವಳಿಯ ಮೆಣಸು ಕೆಂಪು ಸಮುದ್ರ, ಈಜಿಪ್ಟ್ ದಾಟಿ ಬಂದು ಇಳೀತಿದ್ದದ್ದೂ ಇಂಥ ಬಂದರಿಗೇ. ನಮ್ಮ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ ಅಂತ ಸ್ಕೂಲಲ್ಲಿ ಓದಿದ್ವಲ್ಲ, ಆ ವ್ಯಾಪಾರದ ಆ ತುದಿ ಇದು. ವೀಲರ್ ಅನ್ನೋ ಇಂಗ್ಲಿಷಿನವರು ಚಂದ್ರವಳ್ಳಿಯಲ್ಲಿ ಅಗೆದದ್ದು 1947ರಲ್ಲಿ. ಪೊಟ್ಸುವೋಲಿಯ ಈ ದೊಡ್ಡ ಆಂಫಿಥಿಯೇಟರಿನ ಅಗೆತ ಮುಗಿದದ್ದೂ ಅದೇ ವರ್ಷ.

ಮೇಲಿನ ಮೆಟ್ಟಿಲುಗಳು, ಅಮೃತಶಿಲೆ ಎಲ್ಲ ಜನ ಕಿತ್ತುಕೊಂಡು ಹೋಗಿದ್ದಾರೆ. ಆದರೆ ನೆಲದ ಕೆಳಗಿನ ಭಾಗ ಮಣ್ಣು ತುಂಬಿಕೊಂಡಿದ್ದರಿಂದ ಉಳಿದಿದೆ. ಅಲ್ಲಿ ಇಳಿದರೆ ತಣ್ಣಗಿನ ಇಟ್ಟಿಗೆ ಓಣಿಗಳು, ಸಾಲು ಸಾಲು ಗೂಡುಗಳು. ಮೇಲ್ಗಡೆ ಚೌಕ ಚೌಕ ತೂತು. ಪ್ರಾಣಿಗಳ ಪಂಜರಗಳನ್ನ ಹಗ್ಗ ರಾಟೆ ಕಟ್ಟಿ ಮೇಲೆತ್ತಿ ಆ ತೂತಿನಿಂದ ಅಖಾಡಕ್ಕೆ ಬಿಡ್ತಿದ್ರು. ಮೇಲೆ ಕೂತವರಿಗೆ ಸಿಂಹ ಭೂಮಿಯಿಂದ ಎದ್ದು ಬಂದ ಹಾಗೆ ಕಾಣಬೇಕು, ಅದು ಅವರ ಮಜಾ. ಕೆಳಗೆ ಕತ್ತಲಲ್ಲಿ ನಿಂತು ಹಗ್ಗ ಎಳೀತಿದ್ದವರು ಯಾರು, ಸಗಣಿ ಬಾಚ್ತಿದ್ದವರು ಯಾರು, ಆಟ ಮುಗಿದ ಮೇಲೆ ಹೆಣ ಎಳ್ಕೊಂಡು ಹೋಗ್ತಿದ್ದವರು ಯಾರು? ಬೋರ್ಡಿನಲ್ಲಿ ಚಕ್ರವರ್ತಿಗಳ ಹೆಸರಿದೆ, ಸಂತ ಜೆನ್ನಾರೊ ಅವರನ್ನ ಪ್ರಾಣಿಗಳ ಬಾಯಿಗೆ ಹಾಕೋಕೆ ಇಲ್ಲಿಗೆ ತಂದಿದ್ರು ಅನ್ನೋ ಐತಿಹ್ಯ ಇದೆ. ಈ ಜನದ ಸುದ್ದಿ ಇಲ್ಲ. ಆದರೆ ಅವರ ಬಗ್ಗೆ ಇದೇ ಊರಲ್ಲಿ ಒಂದು ಕಲ್ಲು ಸಿಕ್ಕಿದೆ. ಅದಕ್ಕೆ ಆಮೇಲೆ ಬರ್ತೀನಿ.

ಹತ್ತಿರದಲ್ಲೇ ಇರೋದು ಇನ್ನೊಂದು, ಸಣ್ಣದು, ಹಳೇದು. ಇದು ದೊಡ್ಡದಕ್ಕಿಂತ ನೂರು ವರ್ಷವಾದರೂ ಹಿಂದಿನದು. ರೋಮ್‌ನಿಂದ ನೇಪಲ್ಸ್‌ಗೆ ನೇರ ರೈಲು ಮಾರ್ಗ ಹಾಕುವಾಗ, 1926ರಲ್ಲಿ, ಸಿಕ್ಕಿತು. ಸಿಕ್ಕಿತು ಅಂತ ಕೆಲಸ ನಿಲ್ಲಿಸಲಿಲ್ಲ. ಮಾರ್ಗ ಬದಲಿಸಲಿಲ್ಲ. ಅದರ ಮಧ್ಯದಿಂದಲೇ ಹಳಿ ಹಾಕಿದ್ರು. ಮುಸೊಲಿನಿಯ ಕಾಲ ಅದು, ಬೆಳಗ್ಗೆ ಎದ್ದರೆ ರೋಮ್‌ನ ವೈಭವದ ಭಾಷಣ. ವೈಭವದವರಿಗೂ ರೈಲು ಬೇಕಿತ್ತು ಅನ್ನಿ. ಈಗ ಉಳಿದಿರೋದು ಕೆಲವು ಕಮಾನು ಮಾತ್ರ. ಬೇಲಿ, ಬೇಲಿಯೊಳಗೆ ಮುಳ್ಳುಕಂಟಿ, ಯಾರೋ ಎಸೆದ ಪ್ಲಾಸ್ಟಿಕ್ ಬಾಟಲಿ. ಸುತ್ತ ಅಪಾರ್ಟ್‌ಮೆಂಟ್, ಬಾಲ್ಕನಿಯಲ್ಲಿ ಒಣಗಿಹಾಕಿದ ಬಟ್ಟೆ. ನಾನು ನೇಪಲ್ಸ್‌ನಿಂದ ಬಂದದ್ದೂ ಇದೇ ಮಾರ್ಗದ ರೈಲಿನಲ್ಲಿ.

"ಮಾವ, ಇದನ್ನ ನೋಡೋಕಾ ಅಷ್ಟು ದೂರದಿಂದ ಬಂದಿದ್ದು?" ಅಂದಳು ಹುಡುಗಿ. ಹೌದವ್ವ, ಇದನ್ನೇ.

ಯಾಕೆ ಅಂತ ಹೇಳ್ತೀನಿ. ಸ್ವೆಟೋನಿಯಸ್ ಅಂತ ಒಬ್ಬ ರೋಮನ್ ಲೇಖಕ ಚಕ್ರವರ್ತಿಗಳ ಚರಿತ್ರೆ ಬರೆದಿದ್ದಾನೆ. ಅಗಸ್ಟಸ್ ಬಗ್ಗೆ ಬರೀತಾ ಒಂದು ಸಣ್ಣ ಘಟನೆ ಹೇಳ್ತಾನೆ. ಪುತಿಯೋಲಿಯಲ್ಲಿ ದೊಡ್ಡ ಆಟ ನಡೀತಿತ್ತು, ಜನ ಕಿಕ್ಕಿರಿದಿದ್ರು. ಒಬ್ಬ ಸೆನೆಟರ್ ಬಂದ. ಯಾರೂ ಎದ್ದು ಜಾಗ ಕೊಡಲಿಲ್ಲ. ಅಷ್ಟೇ. ಬೈಯಲಿಲ್ಲ, ಹೊಡೆಯಲಿಲ್ಲ, ಜಾಗ ಬಿಡಲಿಲ್ಲ. ದೊಡ್ಡ ಆಂಫಿಥಿಯೇಟರ್ ಆಗಿನ್ನೂ ಹುಟ್ಟೇ ಇರಲಿಲ್ಲ, ಹಾಗಾಗಿ ಇದು ನಡೆದದ್ದು ಈ ರೈಲು ಹಳಿಯ ಕೆಳಗಿನ ಸಣ್ಣದರಲ್ಲೇ ಇರಬೇಕು ಅಂತ ಊಹೆ. ಸುದ್ದಿ ರೋಮ್‌ಗೆ ಹೋಯ್ತು. ಅಗಸ್ಟಸ್‌ಗೆ ಸಿಟ್ಟು ಬಂತು. ಇಷ್ಟಕ್ಕೆ ಸೆನೆಟ್ ಕೂತು ಠರಾವು ಪಾಸ್ ಮಾಡ್ತು: ಎಲ್ಲೇ ಸಾರ್ವಜನಿಕ ಆಟ ನಡೆದರೂ ಮೊದಲ ಸಾಲು ಸೆನೆಟರ್‌ಗಳದ್ದು.

ಒಂದು ಸಾಲಿಗೆ ನಿಂತಿದ್ದರೆ ಅದು ದೊಡ್ಡವರ ದರ್ಪ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಶುರುವಾದ ಮೇಲೆ ನಿಲ್ಲಲಿಲ್ಲ. ಸೈನಿಕರನ್ನ ಜನರಿಂದ ಬೇರೆ ಕೂರಿಸಿದ. ಸಾಮಾನ್ಯರಲ್ಲಿ ಮದುವೆಯಾದ ಗಂಡಸರಿಗೆ ಬೇರೆ ಜಾಗ. ಹುಡುಗರಿಗೆ ಬೇರೆ, ಅವರ ಪಕ್ಕದಲ್ಲಿ ಮೇಷ್ಟ್ರುಗಳಿಗೆ ಬೇರೆ. ಕಪ್ಪು ಮಾಸಲು ಬಟ್ಟೆ ಉಟ್ಟವರು ನಡು ಭಾಗದಲ್ಲಿ ಕೂರಂಗಿಲ್ಲ. ಬಿಳಿ ತೋಗಾ ಉಟ್ಟು ಬರೋಕೆ ಆಗದವರು ಯಾರು? ದುಡಿಯೋರು. ಹೆಂಗಸರು ಗ್ಲಾಡಿಯೇಟರ್ ಕಾಳಗ ನೋಡಬೇಕಾದ್ರೆ ಎಲ್ಲಕ್ಕಿಂತ ಮೇಲೆ, ದೂರದಲ್ಲಿ. ದೇವಿಯ ಸೇವೆಗೆ ಬಿಟ್ಟ ಕನ್ಯೆಯರಿಗೆ ಮಾತ್ರ ಮುಂದೆ ಪ್ರತ್ಯೇಕ ಜಾಗ.

ಅಲ್ಲಿಗೆ ಇಡೀ ಸಮಾಜದ ನಕ್ಷೆಯನ್ನ ಕಲ್ಲಿನ ಮೆಟ್ಟಿಲಲ್ಲಿ ಬರೆದ ಹಾಗಾಯ್ತು. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದ್ರಲ್ಲ, ಆ ಮಾತಿಗೆ ಚಿತ್ರ ಬೇಕಾದರೆ ಇಲ್ಲಿದೆ. ಪ್ರತಿಯೊಬ್ಬನಿಗೂ ಮೇಲಿನವನ ಬೆನ್ನು ಕಾಣುತ್ತೆ, ಪ್ರತಿಯೊಬ್ಬನಿಗೂ ತನಗಿಂತ ಹಿಂದೆ ಇನ್ನೊಬ್ಬ ಇದ್ದಾನೆ ಅನ್ನೋ ಸಮಾಧಾನ. ಮೇಲಿನ ಸಾಲಿನ ಬಡವನಿಗೂ ಅಖಾಡದಲ್ಲಿ ಸಾಯ್ತಾ ಇರೋನು ತಾನಲ್ಲ ಅನ್ನೋ ಸಮಾಧಾನ ಇತ್ತು. ನಮ್ಮ ಕಡೆ ಮದುವೆ ಊಟದ ಪಂಕ್ತಿ, ಜಾತ್ರೆಯಲ್ಲಿ ತೇರಿನ ಹಗ್ಗ, ಹೋಟೆಲಿನ ಹೊರಗಿನ ಲೋಟ ಇವನ್ನೆಲ್ಲ ಕಂಡವರಿಗೆ ಈ ಠರಾವು ಓದಿದರೆ ಹೊಸದು ಅನ್ನಿಸಲ್ಲ. ನನಗೆ ಹೊಸದು ಅನ್ನಿಸಿದ್ದು ಬೇರೆ. ಆ ದಿನ ಪುತಿಯೋಲಿಯಲ್ಲಿ ಆ ಜನ ಯಾಕೆ ಎದ್ದೇಳಲಿಲ್ಲ? ಗುಂಪಲ್ಲಿ ಯಾರಿಗೂ ಅವನು ಕಾಣಲಿಲ್ಲವೋ, ಕಂಡೂ ಕೂತಿದ್ರೋ. ಸ್ವೆಟೋನಿಯಸ್‌ಗೆ ಆ ಪ್ರಶ್ನೆ ಬರಲಿಲ್ಲ. ಸೆನೆಟರ್‌ಗೆ ಆದ ಅವಮಾನ ಮಾತ್ರ ಅವನ ಲೆಕ್ಕ. ಚೌದಾರ್ ಕೆರೆಯ ನೀರು ಮುಟ್ಟಿದಾಗ ಮಹಾಡ್‌ನ ಸವರ್ಣರಿಗೆ ಆದ 'ಅವಮಾನ'ವೂ ಇದೇ ಜಾತಿಯದು.

ಇನ್ನು ಅಖಾಡದೊಳಗಿನವರು. ಗ್ಲಾಡಿಯೇಟರ್‌ಗಳಲ್ಲಿ ಯುದ್ಧದ ಸೆರೆಯಾಳುಗಳಿದ್ರು, ಗುಲಾಮರಿದ್ರು, ಶಿಕ್ಷೆಯಾದವರಿದ್ರು, ಹೊಟ್ಟೆಪಾಡಿಗೆ ತಮ್ಮನ್ನ ತಾವೇ ಒತ್ತೆಯಿಟ್ಟುಕೊಂಡ ಸ್ವತಂತ್ರರೂ ಇದ್ರು. ಜನ ಅವರ ಹೆಸರು ಗೋಡೆ ಮೇಲೆ ಗೀಚ್ತಿದ್ರು, ಹುಚ್ಚೆದ್ದು ಕೂಗ್ತಿದ್ರು. ಆದರೆ ಕಾನೂನಿನ ಕಣ್ಣಲ್ಲಿ ಅವರು ಮಾನಹೀನರು. ಸೂಳೆಗಾರಿಕೆ ನಡೆಸೋರ ಸಾಲಿಗೆ ಸೇರಿದವರು. ಇಟಲಿಯ ಉತ್ತರದ ಕಡೆ ಸಾರ್ಸಿನಾ ಅನ್ನೋ ಊರಲ್ಲಿ ಒಂದು ಶಾಸನ ಇದೆ. ಹೊರಾಷಿಯಸ್ ಬಾಲ್ಬಸ್ ಅನ್ನೋ ಧರ್ಮಿಷ್ಠ ತನ್ನ ಊರಿನವರಿಗೆ ಹೆಣ ಹೂಳೋಕೆ ಜಾಗ ದಾನ ಕೊಟ್ಟ, ಒಬ್ಬೊಬ್ಬರಿಗೆ ಹತ್ತಡಿ ಲೆಕ್ಕ. ಯಾರಿಗೆ ಕೊಡಲ್ಲ ಅಂತಲೂ ಬರೆಸಿದ: ಗ್ಲಾಡಿಯೇಟರ್ ಆಗಿ ತಮ್ಮನ್ನ ಒತ್ತೆಯಿಟ್ಟವರಿಗೆ, ನೇಣು ಹಾಕಿಕೊಂಡವರಿಗೆ, ಹೊಲಸು ಕಸುಬು ಮಾಡಿ ದುಡಿದವರಿಗೆ. ಸತ್ತ ಮೇಲೂ ಬೇರೆ ಮಣ್ಣು! ನಾನು ಕೂರೋ ಟೇಬಲ್ಲಿಗೆ ಸ್ಮಶಾನಕ್ಕೆ ಜಾಗ ಕೇಳಿ ನಮ್ಮ ಕೇರಿಗಳಿಂದ ಅರ್ಜಿ ಬರ್ತಾವೆ. 'ಪರಿಶೀಲಿಸಿ ಕ್ರಮ ಕೈಗೊಳ್ಳುವುದು' ಅಂತ ಷರಾ ಬಿದ್ದು ಮುಂದಿನ ಟೇಬಲ್ಲಿಗೆ ಹೋಗ್ತಾವೆ. ಬಾಲ್ಬಸ್ ಒಂದು ವಿಷಯದಲ್ಲಿ ಪ್ರಾಮಾಣಿಕ, ಕೊಡಲ್ಲ ಅಂತ ಕಲ್ಲಲ್ಲೇ ಕೆತ್ತಿಸಿದ.

ಸ್ಪಾರ್ಟಕಸ್ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಅವನು ಎದ್ದ ಕಪುವಾ ಇಲ್ಲಿಂದ ದೂರ ಇಲ್ಲ. ಕ್ರಿ.ಪೂ. 73ರಲ್ಲಿ 70ಕ್ಕೂ ಹೆಚ್ಚು ಗ್ಲಾಡಿಯೇಟರ್‌ಗಳು ಅಡುಗೆಮನೆಯ ಕತ್ತಿ, ಮಾಂಸ ಸುಡೋ ಕಂಬಿ ಹಿಡಿದು ಹೊರಬಿದ್ರು. ಕ್ರಿ.ಪೂ. 71ರಲ್ಲಿ ಸೋತರು. ಸೆರೆಸಿಕ್ಕ 6,000 ಜನರನ್ನ ಕಪುವಾದಿಂದ ರೋಮ್‌ವರೆಗೆ ರಸ್ತೆಯುದ್ದಕ್ಕೂ ಶಿಲುಬೆಗೇರಿಸಿದ್ರು. ಈಗ ಉಳಿದಿರೋ ಕಲ್ಲಿನ ಆಂಫಿಥಿಯೇಟರ್‌ಗಳಲ್ಲಿ ಹಳೆಯದು ಅನ್ನೋ ಪಾಂಪೇಯಿಯದು ಕಟ್ಟಿದ್ದು ಸುಮಾರು ಕ್ರಿ.ಪೂ. 70ರಲ್ಲಿ. ಇಸವಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ನಾನು ಬೇರೇನೂ ಹೇಳಲ್ಲ.

ಈಗ ಆ ಕಲ್ಲಿಗೆ ಬರ್ತೀನಿ. ಪೊಟ್ಸುವೋಲಿಯಲ್ಲಿ ಸಿಕ್ಕ ಅಮೃತಶಿಲೆಯ ಶಾಸನ. ಊರಿನ ಹೆಣ ಸಾಗಿಸೋ ಕೆಲಸ ಮತ್ತು ಶಿಕ್ಷೆ ಕೊಡೋ ಕೆಲಸವನ್ನ ಒಬ್ಬ ಗುತ್ತಿಗೆದಾರನಿಗೆ ಕೊಟ್ಟ ಕರಾರು ಅದು. ಸರಿಯಾಗಿ ಹೇಳಬೇಕಂದ್ರೆ ಟೆಂಡರ್ ಷರತ್ತು. ಇಪ್ಪತ್ತು ವರ್ಷದಿಂದ ಟೆಂಡರ್ ಫೈಲು ಕಟ್ಟೋನು ನಾನು, ಹುಡುಗಿಯ ಮೊಬೈಲಲ್ಲಿ ಅದರ ಅನುವಾದ ಓದ್ತಾ ಓದ್ತಾ ಷರತ್ತು ಸಂಖ್ಯೆ ಹಾಕಬೇಕು ಅನ್ನಿಸ್ತಿತ್ತು. ಅಷ್ಟು ಪಕ್ಕಾ ಇದೆ.

ಕೆಲಸಗಾರರ ವಯಸ್ಸು 20ಕ್ಕಿಂತ ಕಡಿಮೆ ಇರಬಾರದು, 50 ದಾಟಿರಬಾರದು. ಮೈಮೇಲೆ ಹುಣ್ಣಿರಬಾರದು, ಒಕ್ಕಣ್ಣ, ಕುಂಟ, ಕೈ ಊನ ಆದವನು, ಕುರುಡ, ಬರೆ ಹಾಕಿಸಿಕೊಂಡವನು ಆಗಿರಬಾರದು. ನೇಣು ಹಾಕಿಕೊಂಡವರ ಹೆಣವನ್ನ ಅದೇ ತಾಸಿನಲ್ಲಿ ಇಳಿಸಿ ಸಾಗಿಸಬೇಕು. ಯಾರಾದರೂ ತನ್ನ ಗುಲಾಮನಿಗೆ ಖಾಸಗಿಯಾಗಿ ಶಿಕ್ಷೆ ಕೊಡಿಸಬೇಕು ಅಂದರೆ ಗುತ್ತಿಗೆದಾರ ಜನ ಕಳಿಸಬೇಕು. ರೇಟು: ಮರ ಹೊರೋನಿಗೆ 4 ಸೆಸ್ಟರ್ಸ್, ಚಾಟಿ ಬೀಸೋನಿಗೆ 4, ಕೊಲ್ಲೋನಿಗೆ 4. ಊರಿನ ಅಧಿಕಾರಿಯೇ ಶಿಕ್ಷೆ ವಿಧಿಸಿದರೆ ಪುಕ್ಕಟೆ, ಜೊತೆಗೆ ಮೊಳೆ, ಕೀಲೆಣ್ಣೆ, ಮೇಣ, ಮೇಣದಬತ್ತಿ ಗುತ್ತಿಗೆದಾರನ ಖರ್ಚಲ್ಲೇ. ಮೊಳೆ ಯಾತಕ್ಕೆ ಅಂತ ಹೇಳಬೇಕಾ? ಮನುಷ್ಯನನ್ನ ಸಾಯಿಸೋದು ಮೆಟೀರಿಯಲ್ ಲಿಸ್ಟ್ ಆಗಿಬಿಟ್ಟಿದೆ. ಗುಮಾಸ್ತನ ಕೈಯಲ್ಲಿ ಎಲ್ಲವೂ ಹೀಗೇ ಆಗೋದು, ಅದು ನಮ್ಮ ಕಸುಬಿನ ಪಾಪ.

ಮುಂದಿನ ಷರತ್ತುಗಳನ್ನ ನಿಧಾನಕ್ಕೆ ಓದಿ. ಈ ಕೆಲಸದವರು ಊರೊಳಗೆ ವಾಸ ಮಾಡಂಗಿಲ್ಲ. ಹೆಣದ ದೇವತೆ ಲಿಬಿಟಿನಾಳ ತೋಪು ಇರೋ ಗೋಪುರದಿಂದ ಆಚೆಗೇ ಇರಬೇಕು. ಎಲ್ಲಿ, ಯಾವ ಹೊತ್ತಿನಲ್ಲಿ ಮೀಯಬೇಕು ಅನ್ನೋದಕ್ಕೂ ಕಟ್ಟಳೆ. ಹೆಣ ಎತ್ತೋಕೆ ಅಥವಾ ಶಿಕ್ಷೆ ಕೊಡೋಕೆ ಬಿಟ್ಟು ಬೇರೆ ಯಾವ ಕಾರಣಕ್ಕೂ ಊರೊಳಗೆ ಬರಂಗಿಲ್ಲ. ಬಂದಾಗ, ಊರೊಳಗೆ ಇರೋವಷ್ಟು ಹೊತ್ತೂ, ತಲೆ ಮೇಲೆ ಬಣ್ಣದ ಟೋಪಿ ಇರಬೇಕು. ಕೊಕ್ಕೆ ಹಾಕಿ ಹೆಣ ಎಳೆಯುವಾಗ ಕೆಂಪು ಬಟ್ಟೆ ತೊಟ್ಟು ಗಂಟೆ ಬಾರಿಸ್ತಾ ಎಳೀಬೇಕು.

ಗಂಟೆ!

ಕ್ರಿ.ಶ. 5ನೇ ಶತಮಾನದ ಶುರುವಿನಲ್ಲಿ ನಮ್ಮ ದೇಶಕ್ಕೆ ಬಂದ ಚೀನಾದ ಬೌದ್ಧ ಭಿಕ್ಷು ಫಾಹಿಯಾನ್ ಬರೆದಿದ್ದು ನೆನಪಾಯ್ತು. ಚಂಡಾಲರು ಊರ ಹೊರಗಿರ್ತಾರೆ, ಪೇಟೆಗೆ ಬರುವಾಗ ಮರದ ತುಂಡು ಬಡಿದು ಸದ್ದು ಮಾಡ್ತಾರೆ, ಜನ ಸರಿದು ನಿಲ್ತಾರೆ ಅಂತ. ಪೇಶ್ವೆಗಳ ಪುಣೆಯಲ್ಲಿ ಸೊಂಟಕ್ಕೆ ಪೊರಕೆ, ಕತ್ತಿಗೆ ಮಡಕೆ, ಮಹಾರಾಷ್ಟ್ರದಲ್ಲಿ ಗುರುತಿಗೆ ಕಪ್ಪು ದಾರ ಅಂತ ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲಿ ಬರೆದಿದ್ದಾರೆ. ಟೋಪಿಯ ಬಣ್ಣ, ಗಂಟೆಯ ಸದ್ದು, ಮಡಕೆಯ ಮಣ್ಣು. ಬೇಲಿ ಹಿಡಿದು ನಿಂತಿದ್ದೆ, ಮೈ ಬಿಸಿಯಾಯ್ತು.

ಇಲ್ಲೇ ಎಚ್ಚರ ಬೇಕು. ಈ ವಿಷಯ ಹೇಳಿದ ಕೂಡಲೇ ಎರಡು ಥರದ ಸ್ನೇಹಿತರು ಎದ್ದು ನಿಲ್ತಾರೆ. ಒಬ್ಬರು, "ನೋಡಿದ್ರಾ ಸಾರ್, ಎಲ್ಲಾ ದೇಶದಲ್ಲೂ ಇತ್ತು, ಸುಮ್ನೆ ನಮ್ಮ ಧರ್ಮವನ್ನ ಬೈತೀರಿ" ಅನ್ನೋರು. ಇನ್ನೊಬ್ಬರು ನಮ್ಮ ಕೆಂಪು ಸಂಗಾತಿಗಳು, "ಕೊನೆಗೆ ಎಲ್ಲಾ ವರ್ಗದ ಪ್ರಶ್ನೆನೇ ಅಲ್ವಾ" ಅನ್ನೋರು. ಇಬ್ಬರಿಗೂ ಪುತಿಯೋಲಿಯ ಕಲ್ಲು ಸಾಲದು. ರೋಮ್‌ನಲ್ಲಿ ಕ್ರೌರ್ಯ ಕಡಿಮೆ ಇತ್ತು ಅಂತ ನಾನು ಹೇಳ್ತಿಲ್ಲ. ಅಖಾಡದ ಮರಳಲ್ಲಿ ಸತ್ತವನಿಗೆ ಸಿದ್ಧಾಂತ ಕಟ್ಕೊಂಡು ಏನಾಗಬೇಕು. ಆದರೆ ಬಾಬಾಸಾಹೇಬರು ರೋಮನ್ ಗುಲಾಮಗಿರಿಯನ್ನೂ ಅಸ್ಪೃಶ್ಯತೆಯನ್ನೂ ಪಕ್ಕಪಕ್ಕ ಇಟ್ಟು ಅಳೆದು ನೋಡಿದವರು. ರೋಮ್‌ನ ಗುಲಾಮರಲ್ಲಿ ವೈದ್ಯರಿದ್ರು, ಮೇಷ್ಟ್ರಿದ್ರು, ಲೆಕ್ಕ ಬರೆಯೋರಿದ್ರು, ಗ್ರಂಥಪಾಲಕರಿದ್ರು. ಅವರನ್ನ ಮುಟ್ಟಿದರೆ ಮೈಲಿಗೆ ಅನ್ನೋದಿರಲಿಲ್ಲ. ಒಡೆಯ ಬಿಟ್ಟರೆ, ದುಡ್ಡು ಕೂಡಿಸಿ ಕೊಟ್ಟರೆ ಬಿಡುಗಡೆ. ಗ್ಲಾಡಿಯೇಟರ್‌ಗೂ ಮರದ ಕತ್ತಿ ಕೈಗೆ ಕೊಟ್ಟು ಬಿಡುಗಡೆ ಮಾಡೋ ಪದ್ಧತಿ ಇತ್ತು. ಬಿಡುಗಡೆಯಾದ ಗುಲಾಮನ ಮೇಲೆ ಕಳಂಕ ಇತ್ತು, ಊರ ಸಭೆಗೆ ಅವನು ಹೋಗಂಗಿರಲಿಲ್ಲ. ಆದರೆ ಸ್ವತಂತ್ರನಾಗಿ ಹುಟ್ಟಿದ ಅವನ ಮಗ ಹೋಗಬಹುದಿತ್ತು. ಅಗಸ್ಟಸ್‌ನ ಆಸ್ಥಾನಕ್ಕೆ ಹತ್ತಿರವಾಗಿದ್ದ ದೊಡ್ಡ ಕವಿ ಹೊರೇಸ್, ಬಿಡುಗಡೆಯಾದ ಗುಲಾಮನ ಮಗ. ಅದೇ ಅಗಸ್ಟಸ್, ಕೂರೋ ಜಾಗದ ಕಾನೂನು ಮಾಡಿದವನು.

ಅಂದ್ರೆ ಯಂತ್ರದ ಎಲ್ಲ ಬಿಡಿಭಾಗಗಳೂ ಅಲ್ಲಿದ್ವು. ಬೇರೆ ಸಾಲು, ಬೇರೆ ಕೇರಿ, ಬೇರೆ ಸ್ನಾನ, ಬೇರೆ ಗುರುತು, ಬೇರೆ ಸುಡುಗಾಡು. ಹುಟ್ಟು ಅನ್ನೋ ಮೊಳೆ ಹೊಡೆದು, ಮೇಲೆ ದೇವರ ಸಹಿ ಹಾಕಿಸಿ ಅವನ್ನೆಲ್ಲ ಒಂದು ಮಾಡಿದ್ದು ಮಾತ್ರ ನಮ್ಮಲ್ಲಿ.

ಆ ಎರಡನೇ ಗೆಳೆಯರಿಗೆ ಇನ್ನೊಂದು ಮಾತು. ಪೊಟ್ಸುವೋಲಿಯಲ್ಲಿ ವರ್ಗದ ಪ್ರಶ್ನೆ ನೋಡಬೇಕಾದರೆ ಎರಡು ಸಾವಿರ ವರ್ಷ ಹಿಂದೆ ಹೋಗಬೇಕಿಲ್ಲ. ಈ ಊರಿನ ನೆಲ ಉಸಿರಾಡಿದ ಹಾಗೆ ಏಳುತ್ತೆ, ಇಳಿಯುತ್ತೆ, ಅಡಿಯಲ್ಲಿ ಜ್ವಾಲಾಮುಖಿ ಇದೆ. 2025ರ ಮಾರ್ಚ್‌ನಲ್ಲೂ 4.6 ತೀವ್ರತೆಯ ಕಂಪನ ಆಗಿದೆ. 1970ರ ಮಾರ್ಚ್ 2ರಂದು ನೆಲ ಏಳ್ತಾ ಇದೆ ಅಂತ ಬಂದರಿನ ಮೇಲಿನ ಹಳೇ ಗುಡ್ಡದ ಕೇರಿ ರಿಯೋನೆ ತೆರ್ರಾವನ್ನ ಖಾಲಿ ಮಾಡಿಸಿದ್ರು. ಪೊಲೀಸು, ಮಿಲಿಟರಿ ಬಂದು ಸುಮಾರು 3,000 ಜನರನ್ನ ಎಬ್ಬಿಸಿದ್ರು. ಹೆಚ್ಚಿನವರು ಮೀನುಗಾರರು, ಕೂಲಿಯವರು. ಅವರಿಗಾಗಿ ಊರಾಚೆ ಹೊಸ ಬಡಾವಣೆ ಕಟ್ಟಿದ್ರು. ಈಗ ಆ ಗುಡ್ಡದ ಅಡಿಯ ರೋಮನ್ ಬೀದಿಗಳನ್ನ ಗೈಡು ಕರ್ಕೊಂಡು ತೋರಿಸ್ತಾರೆ. ಹಂಪಿ ಬಜಾರಿನಲ್ಲಿ 2011ರಲ್ಲಿ ಜೆಸಿಬಿ ಬಂದದ್ದು ನೋಡಿದವರಿಗೆ ಇದು ಅರ್ಥವಾಗುತ್ತೆ. ಪಾರಂಪರಿಕ ತಾಣ ಆಗೋ ತನಕ ಬಡವರು ಅಲ್ಲಿರಬಹುದು. ಇಷ್ಟಾದರೂ ಆ ಮೀನುಗಾರನ ಮಗ ಹೊಸ ಬಡಾವಣೆಗೆ ಹೋದ ಮೇಲೆ ನೀನು ಯಾವ ಕುಲ ಅಂತ ಯಾರೂ ಕೇಳಿರಲ್ಲ.

ಕೊನೆಗೆ ಒಂದು ಕಂಚಿನ ಹಲಗೆ. ದಕ್ಷಿಣ ಇಟಲಿಯ ಹೆರಾಕ್ಲಿಯಾದಲ್ಲಿ ಸಿಕ್ಕಿದ್ದು, ಈಗ ನೇಪಲ್ಸ್ ಮ್ಯೂಸಿಯಂನದ್ದು. ಊರ ಸಭೆಗೆ, ಅಧಿಕಾರಕ್ಕೆ ಯಾರು ಬರಬಾರದು ಅನ್ನೋ ರೋಮನ್ ಕಾನೂನಿನ ಪಟ್ಟಿ ಅದರಲ್ಲಿದೆ. ಹೆಣದ ಕಸುಬಿನವರೂ ಆ ಪಟ್ಟಿಯಲ್ಲಿದ್ದಾರೆ. ಅದರ ಜೊತೆಗೇ ಒಂದು ಸಣ್ಣ ಷರತ್ತು: ಆ ಕೆಲಸ ಮಾಡ್ತಾ ಇರೋವಷ್ಟು ಕಾಲ ಮಾತ್ರ.

ನಮ್ಮಪ್ಪ ಊರಲ್ಲಿ ಸತ್ತ ದನ ಎಳೀತಿದ್ರು, ಹೆಣದ ಮುಂದೆ ತಮಟೆ ಬಡೀತಿದ್ರು. ನಾನು ಒಂದು ದಿನವೂ ಎಳೆದವನಲ್ಲ, ತಮಟೆ ಹಿಡಿಯೋಕೂ ಸರಿಯಾಗಿ ಬರಲ್ಲ. ಬಿಎ ಮಾಡಿ, ಪರೀಕ್ಷೆ ಬರೆದು, ಗುಮಾಸ್ತನಾಗಿ ಆ ಪೇಟೆಗೆ ಬಂದ ವರ್ಷ ಬಾಡಿಗೆ ಮನೆ ಹುಡುಕ್ತಾ ಇದ್ದೆ. ಇಸ್ತ್ರಿ ಅಂಗಿ, ಕೈಯಲ್ಲಿ ಆರ್ಡರ್ ಕಾಪಿ, ಅಡ್ವಾನ್ಸ್ ದುಡ್ಡು ಜೇಬಲ್ಲಿ. ಮೂರು ಮನೆಯಲ್ಲೂ ಯಜಮಾನರು ಒಳ್ಳೆಯವರೇ. ಸಂಬಳ ಎಷ್ಟು, ಮದುವೆ ಆಗಿದೆಯಾ, ನೀರು ದಿನ ಬಿಟ್ಟು ದಿನ ಬರುತ್ತೆ ಪರವಾಗಿಲ್ವಾ, ಎಲ್ಲ ಮಾತಾಯ್ತು. ಕೀ ಕೊಡೋ ಮುಂಚೆ ಮೂರೂ ಜನ ಒಂದೇ ಥರ, ದನಿ ತಗ್ಗಿಸಿ, ನಗ್ತಾ ಕೇಳಿದ್ರು: "ತಾವು ಯಾವ ಪೈಕಿ?"